ಪೆಟ್ರೋಲ್ ಬಂಕಿನ ಅಡಿ ಏನಿದೆ? ಗಟ್ಟಿಶಿಲೆ ಸೀಮೆಯ ಅಂತರ್ಜಲ ತನಿಖೆ

ಪಠ್ಯಪುಸ್ತಕದ ಚಿತ್ರದಲ್ಲಿ ಟ್ಯಾಂಕಿನಿಂದ ಸೋರಿದ ಪೆಟ್ರೋಲ್ ಮರಳಿನಲ್ಲಿ ಇಳಿದು, ನೀರಿನ ಮೇಲೆ ತೇಲಿ, ಇಳಿಜಾರಿನತ್ತ ನೀಟಾಗಿ ಹರಡುತ್ತದೆ. ಬೆಂಗಳೂರು, ಕೋಲಾರ, ತುಮಕೂರಿನ ಬಹುಪಾಲು ನೆಲದಡಿ ಅಂಥ ಮರಳೇ ಇಲ್ಲ. ಇಲ್ಲಿರುವುದು ನೈಸ್ ಶಿಲೆ. ಲಾಲ್‌ಬಾಗಿನ ಬಂಡೆಯನ್ನು ಹತ್ತಿ ನೋಡಿ: ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು, ಕಪ್ಪು ಬಿಳಿ ಪಟ್ಟೆ, ಅಲ್ಲಲ್ಲಿ ಅಡ್ಡ ಸೀಳು. ಕಲ್ಲಿನ ಒಡಲು ನೀರು ಹಿಡಿಯುವುದಿಲ್ಲ. ನೀರಿರುವುದು ಆ ಸೀಳುಗಳಲ್ಲಿ ಮತ್ತು ಮೇಲಿನ ಶಿಥಿಲ ಪದರದಲ್ಲಿ, ಅಂದರೆ ಕಲ್ಲು ಕೊಳೆತು ಪುಡಿಯಾದ ಭಾಗದಲ್ಲಿ. ಹಾಗಾಗಿ ಬಂಕಿನ ಪಕ್ಕದ ಮನೆಯ ನೀರು ಚೆನ್ನಾಗಿದ್ದು, ನಾಲ್ಕು ಮನೆಯಾಚೆಯ ಕೊಳವೆಬಾವಿ ವಾಸನೆ ಹೊಡೆಯಬಹುದು. ಮೊದಲು ನೆಲ ಓದಿ, ಆಮೇಲೆ ನೀರು ಹಿಡಿಯಿರಿ.

ಕೊರೆಯಲು ಮಾಮೂಲಿ ಬೋರ್‌ವೆಲ್ ಲಾರಿ ಕರೆಸುವುದು ಸಾಮಾನ್ಯ ತಪ್ಪು. ಅದರ ಸುತ್ತಿಗೆಗೆ ಎಣ್ಣೆ ಬೇಕು. ಆ ಎಣ್ಣೆಯೇ ನಿಮ್ಮ ಮಾದರಿಗೆ ಸೇರುತ್ತದೆ. ಜೊತೆಗೆ ಒತ್ತಡದ ಗಾಳಿ ಪೆಟ್ರೋಲಿನ ವಿಷಕಾರಿ ಬೆಂಜೀನ್‌ನಂಥ ಹಗುರ ಅಂಶವನ್ನು ಹಾರಿಸಿಬಿಡುತ್ತದೆ. ಮೊದಲ ಒಂದೂವರೆ ಮೀಟರ್ ಕೈಯಿಂದಲೇ ಅಗೆಯಿರಿ, ಇಂಧನದ ಪೈಪು ಮತ್ತು ಕೇಬಲ್ ಅಲ್ಲೇ ಇರುತ್ತವೆ. ಶಿಥಿಲ ಪದರದಲ್ಲಿ ಆಗರ್ (ತಿರುಪಿನಂಥ ಕೊರೆಯುವ ಸಲಕರಣೆ), ಅದು ನಿಂತಲ್ಲಿಂದ ಕಲ್ಲನ್ನು ಉರುಳೆಯಾಗಿ ಹೊರತೆಗೆಯುವ ಕೋರ್ ಡ್ರಿಲ್ಲಿಂಗ್. ಕೋರ್ ಪೆಟ್ಟಿಗೆಯಲ್ಲಿ ಪ್ರತಿ ಸೀಳಿನ ಆಳ, ಓರೆ, ಬಣ್ಣ ಬರೆದುಕೊಳ್ಳಿ. ತುಕ್ಕಿನ ಕಲೆಯಿದ್ದರೆ ಅಲ್ಲಿ ನೀರು ಓಡಾಡಿದೆ ಎಂದರ್ಥ. ಹೊಳೆಯುವ ತಾಜಾ ಮುರಿತ ಬಹುತೇಕ ಯಂತ್ರದ ಕೆಲಸ. ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರೆ ಇಡೀ ವಿವರಣೆ ಹಾಳು. ನೆಲಕ್ಕೆ ವಿದ್ಯುತ್ ಹರಿಸಿ ಒಳಪದರ ಅಂದಾಜಿಸುವ ವಿದ್ಯುತ್ ರೋಧ ಸರ್ವೆ ಬೇಕೆಂದರೆ ಆವರಣದ ಹೊರಗೆ ಮಾಡಿ, ಒಳಗಿನ ಟ್ಯಾಂಕು, ಕಾಂಕ್ರೀಟಿನ ಕಬ್ಬಿಣ ಓದನ್ನು ಕೆಡಿಸುತ್ತವೆ.

ಕೊರೆದ ರಂಧ್ರವನ್ನು ಅಳತೆ, ಮಾದರಿಗಾಗಿ ವೀಕ್ಷಣಾ ಬಾವಿ ಮಾಡಲು 2 ಇಂಚಿನ ಪೈಪು ಸಾಕು. ತೂತಿನ ಪೈಪು ನೀರಿನ ಮಟ್ಟವನ್ನು ದಾಟಿ ನಿಲ್ಲಬೇಕು: ಮಳೆಗಾಲದ ಅತಿ ಮೇಲಿನ ಮಟ್ಟಕ್ಕಿಂತ ಒಂದು ಮೀಟರ್ ಮೇಲಿನಿಂದ, ಬೇಸಿಗೆಯ ಮಟ್ಟಕ್ಕಿಂತ ಎರಡು ಮೀಟರ್ ಕೆಳಗಿನವರೆಗೆ. ಪೂರ್ತಿ ಮುಳುಗಿಸಿದರೆ ತೇಲುವ ಎಣ್ಣೆ (ಸೋರಿದ ಪೆಟ್ರೋಲ್) ಬಾವಿಯೊಳಗೆ ಬರುವುದೇ ಇಲ್ಲ. ಸುತ್ತ ತೊಳೆದ ದಪ್ಪ ಮರಳು, ಅದರ ಮೇಲೆ ಎರಡು ಅಡಿ ಬೆಂಟೊನೈಟ್ (ನೀರು ತಾಗಿದರೆ ಉಬ್ಬುವ ಜೇಡಿ), ಮಿಕ್ಕದ್ದು ಸಿಮೆಂಟ್ ಗ್ರೌಟ್, ಅಂದರೆ ತೆಳು ಸಿಮೆಂಟ್ ಕಲಸು. ಈ ಮುಚ್ಚಿಗೆ ಸರಿಯಿಲ್ಲದಿದ್ದರೆ ನೀವೇ ಮಾಲಿನ್ಯಕ್ಕೆ ದಾರಿ ಕೊರೆದಂತೆ. ನೆರೆಯ ಹಳೆಯ ಕೊಳವೆಬಾವಿಗಳನ್ನು ಅನುಮಾನದಿಂದ ನೋಡಬೇಕಾದದ್ದೂ ಇದಕ್ಕೇ: ಕೇಸಿಂಗ್ ಪೈಪಿನ ಸುತ್ತ ಗ್ರೌಟ್ ಇಲ್ಲದಿದ್ದರೆ ಮೇಲಿನ ಕೊಳೆ ನೇರ ಆಳಕ್ಕೆ ಇಳಿಯುತ್ತದೆ.

ಈಗ ಎಲ್ಲರೂ ಎಡವುವ ಲೆಕ್ಕ. ಒಂದನೇ ಬಾವಿಯ ಪೈಪಿನ ಮೇಲ್ತುದಿಯ ಎತ್ತರ 100.00 ಮೀ. ಎಂದುಕೊಳ್ಳಿ. ಎಣ್ಣೆ, ನೀರಿನ ಮೇಲ್ಮೈಯನ್ನು ಬೇರೆಬೇರೆ ಗುರುತಿಸುವ ಇಂಟರ್‌ಫೇಸ್ ಮೀಟರ್ ಎಣ್ಣೆಯನ್ನು 8.20 ಮೀ., ನೀರನ್ನು 8.60 ಮೀ. ಆಳದಲ್ಲಿ ತೋರಿಸಿತು. ನೀರಿನ ಎತ್ತರ 91.40. ಇಪ್ಪತ್ತು ಮೀಟರ್ ಆಚೆಯ ಎರಡನೇ ಬಾವಿಯಲ್ಲಿ ಎಣ್ಣೆಯಿಲ್ಲ, ನೀರು 91.60. ಎರಡನೆಯದರಿಂದ ಒಂದನೆಯದಕ್ಕೆ ಹರಿವು ಎಂದು ಬರೆದರೆ ದಿಕ್ಕೇ ತಿರುಗುಮುರುಗು! 40 ಸೆಂ.ಮೀ. ಎಣ್ಣೆಯ ಭಾರ ಆ ಬಾವಿಯ ನೀರನ್ನು ಕೆಳಗೆ ಒತ್ತಿದೆ. ಪೆಟ್ರೋಲಿನ ಸಾಪೇಕ್ಷ ಸಾಂದ್ರತೆ ಸುಮಾರು 0.74, 0.40 × 0.74 = 0.30. ಅದನ್ನು ಕೂಡಿಸಿದರೆ 91.70. ಹರಿವಿನ ಒಲವು ಒಂದರಿಂದ ಎರಡರ ಕಡೆಗೆ. ದಿಕ್ಕು ಹೇಳಲು ಸಾಲಾಗಿಲ್ಲದ ಮೂರು ಬಾವಿಯಾದರೂ ಬೇಕು, ಅಳತೆ ಒಂದೇ ದಿನದ್ದಾಗಿರಬೇಕು. ಪಕ್ಕದ ಪಂಪು ಓಡುವಾಗೊಮ್ಮೆ, ನಿಂತು ಮಟ್ಟ ಸುಧಾರಿಸಿದ ಮೇಲೊಮ್ಮೆ ಅಳೆಯಿರಿ.

ಸೆಪ್ಟೆಂಬರಿನಲ್ಲಿ ಎಣ್ಣೆ ಕಾಣಲಿಲ್ಲವೆಂದು ಕಡತ ಮುಚ್ಚಬೇಡಿ. ಮಟ್ಟ ಏರಿದಾಗ ಎಣ್ಣೆ ಮಣ್ಣಿನ ಸಂದಿಗಳಲ್ಲಿ ನೀರಿನಡಿ ಸಿಕ್ಕಿಬೀಳುತ್ತದೆ. ಏಪ್ರಿಲ್-ಮೇನಲ್ಲಿ ಮಟ್ಟ ಇಳಿದಾಗ ಮತ್ತೆ ಬಾವಿಗೆ ಬರುತ್ತದೆ.

ನೀರಿನ ಮಾದರಿ ತೇಲುವ ಎಣ್ಣೆಯಿಲ್ಲದ ಬಾವಿಯಿಂದ. ಪಂಪಿನ ವೇಗ ನಿಮಿಷಕ್ಕೆ ಅರ್ಧ ಲೀಟರ್ ಮೀರದಿರಲಿ; ಪಿಎಚ್, ವಾಹಕತೆ, ಕರಗಿದ ಆಮ್ಲಜನಕ ಸತತ ಮೂರು ಓದಿನಲ್ಲಿ ಸ್ಥಿರವಾದ ಮೇಲೆ ಹಿಡಿಯಿರಿ. 40 ಮಿ.ಲೀ. ಗಾಜಿನ ಸೀಸೆ, ಒಳಗೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ. ಬಾಯಿವರೆಗೆ ತುಂಬಿಸಿ, ಮುಚ್ಚಿ, ತಲೆಕೆಳಗು ಮಾಡಿ ತಟ್ಟಿ. ಗುಳ್ಳೆ ಎದ್ದರೆ ಹೊಸ ಸೀಸೆ ತೆಗೆದುಕೊಳ್ಳಿ, ಬೆಂಜೀನ್ ಆ ಗುಳ್ಳೆಗೆ ಜಾರಿರುತ್ತದೆ. 4 ಡಿಗ್ರಿಯ ತಂಪಿನಲ್ಲಿಟ್ಟು 14 ದಿನದೊಳಗೆ ಪರೀಕ್ಷೆ ಮುಗಿಯಬೇಕು. ಜನರೇಟರನ್ನು ಗಾಳಿ ಅದರ ಹೊಗೆಯನ್ನು ಬಾವಿಯಿಂದ ಆಚೆ ಒಯ್ಯುವ ಕಡೆ, ದೂರ ಇಡಿ.

ಅಂಕಿಗಳ ಅಂದಾಜು ತಲೆಯಲ್ಲಿರಲಿ. ಬಿಎಸ್-6 (ಭಾರತದ ವಾಹನ ಹೊಗೆ ಮಾನದಂಡ) ಪೆಟ್ರೋಲಿನಲ್ಲಿ ಬೆಂಜೀನ್ ಗಾತ್ರದಲ್ಲಿ 1% ಮೀರುವಂತಿಲ್ಲ. ಆದರೂ ಅಂಥ ಪೆಟ್ರೋಲ್ ತಾಗಿದ ನೀರಿನಲ್ಲಿ ಲೀಟರಿಗೆ 20 ಮಿ.ಗ್ರಾಂಗೂ ಹೆಚ್ಚು ಕರಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿ 0.01 ಮಿ.ಗ್ರಾಂ. ಎಥೆನಾಲ್ ಬೆರೆತ ಪೆಟ್ರೋಲಾದರೆ ಸೂಕ್ಷ್ಮಜೀವಿಗಳು ಎಥೆನಾಲನ್ನೇ ಮೊದಲು ತಿಂದು ಆಮ್ಲಜನಕ ಮುಗಿಸುವುದರಿಂದ ಬೆಂಜೀನ್ ಇನ್ನೂ ದೂರ ಹೋಗುತ್ತದೆ. ಆಮ್ಲಜನಕ ಕಡಿಮೆಯಿದೆ ಎಂದಷ್ಟಕ್ಕೇ ಬಂಕನ್ನು ದೂರಬೇಡಿ, ಚರಂಡಿ ನೀರೂ ಅದನ್ನೇ ಮಾಡುತ್ತದೆ. ಕ್ಲೋರೈಡ್, ಅಮೋನಿಯಾ ಜೊತೆಗಿಟ್ಟು ನೋಡಿ, ಅವು ಹೆಚ್ಚಿದ್ದರೆ ಚರಂಡಿಯ ಸುಳಿವು. ಕೊನೆಗೆ ಪ್ರಯೋಗಾಲಯದ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದ್ದರೆ, ಪಕ್ಕದ ಕಾಲಮ್ಮಿನಲ್ಲಿ ಅವರ ಪತ್ತೆಮಿತಿ ನೋಡಿ. ಅದು 0.05 ಮಿ.ಗ್ರಾಂ ಇದ್ದರೆ ಮಾರ್ಗದರ್ಶಿ ಮಿತಿಯ ಹತ್ತಿರಹತ್ತಿರ ಐದು ಪಟ್ಟು ಬೆಂಜೀನ್‌ ಇರುವ ನೀರಿಗೂ ಅದೇ ಉತ್ತರ ಬರುತ್ತದೆ.