ಸಮ್ಮೇಳನದ ತಯಾರಿ ಒಪಿಡಿಯಲ್ಲೇ ಶುರುವಾಗಲಿ

ಸಮ್ಮೇಳನ ಅಂದ ಕೂಡಲೇ ನಮ್ಮ ವೈದ್ಯರಿಗೆ ಮೊದಲು ನೆನಪಾಗುವುದು ಕ್ರೆಡಿಟ್ ಅವರ್ಸ್, ಅಂದರೆ ಕಲಿಕೆಗೆ ಹಾಜರಾದ ಲೆಕ್ಕದ ಅಂಕ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ನವೀಕರಿಸಲು 5 ವರ್ಷಕ್ಕೆ 30 ಬೇಕು. ಅಷ್ಟಕ್ಕೇ ಆದರೆ ಹತ್ತಿರದ ಊರಿನ ಸಿಎಂಇಗಳೇ (ವೈದ್ಯರ ಮುಂದುವರಿದ ಕಲಿಕೆಯ ಸಣ್ಣ ಕಾರ್ಯಕ್ರಮಗಳು) ಸಾಕು. ದೊಡ್ಡ ಸಮ್ಮೇಳನಕ್ಕೆ ಎರಡು ಮೂರು ದಿನ ಕ್ಲಿನಿಕ್ ಮುಚ್ಚಿ ಹೋಗುತ್ತೇವೆ. ಮೇಲಾಗಿ 2024ರ ಮಾರ್ಚ್‌ನಲ್ಲಿ ಬಂದ ಔಷಧ ಮಾರಾಟ ಸಂಹಿತೆಯ ಪ್ರಕಾರ, ಉಪನ್ಯಾಸ ಕೊಡುವವರನ್ನು ಬಿಟ್ಟರೆ ಬೇರೆ ವೈದ್ಯರ ಪ್ರಯಾಣ, ಹೋಟೆಲ್ ಖರ್ಚನ್ನು ಕಂಪನಿಗಳು ಭರಿಸುವಂತಿಲ್ಲ. ಒಳ್ಳೆಯದೇ ಆಯಿತು. ದುಡ್ಡು ನಮ್ಮದು ಅಂದಮೇಲೆ ಸುಮ್ನೆ ಹೋಗಿ ಬರಲು ಮನಸ್ಸು ಬರುವುದಿಲ್ಲ, ಅಲ್ವಾ?

ನಾನು ಮಕ್ಕಳ ವೈದ್ಯ, ತಾಲ್ಲೂಕು ಊರಿನಲ್ಲಿದ್ದೇನೆ. ಸಮ್ಮೇಳನಕ್ಕೆ ತಿಂಗಳು ಮುಂಚೆಯೇ ಒಪಿಡಿ ಮೇಜಿನ ಮೇಲೆ ಒಂದು ಚೀಟಿ ಇಟ್ಟಿರುತ್ತೇನೆ. ತಡವರಿಸಿದ ಕಡೆಯೆಲ್ಲ ಅದರಲ್ಲಿ ಒಂದು ಸಾಲು ಬರೆಯುತ್ತೇನೆ. ಮಗುವಿನ ಹೆಸರು, ಊರು ಬೇಡ.

ಆದರೆ ಪ್ರಶ್ನೆ ಚೂಪಾಗಿರಬೇಕು. ‘ಕಾಮಾಲೆ ಬಗ್ಗೆ ಹೊಸದೇನು ಸಾರ್?’ ಅಂತ ಕೇಳಿದರೆ ಪುಸ್ತಕದ ಉತ್ತರ ಸಿಗುತ್ತದೆ. ಹೀಗೆ ಕೇಳಿ ನೋಡಿ: ‘ಆರು ವಾರದ ಮಗು, ಮಲ ಬಿಳಿಚಿದೆ, ಡೈರೆಕ್ಟ್ ಬಿಲಿರುಬಿನ್ ಜಾಸ್ತಿ. ನಮ್ಮಲ್ಲಿ ಸ್ಕ್ಯಾನ್ ಮಾಡುವವರು ವಾರಕ್ಕೊಮ್ಮೆ ಬರುತ್ತಾರೆ. ಕಾಯಬೇಕಾ, ಇವತ್ತೇ ಕಳಿಸಬೇಕಾ?’ ಬಿಳಿಚಿದ ಮಲ, ರಕ್ತದಲ್ಲಿ ಬಿಲಿರುಬಿನ್ ಅನ್ನುವ ಆ ಹಳದಿ ಅಂಶ ಹೆಚ್ಚಿರುವುದು ಪಿತ್ತನಾಳ ಮುಚ್ಚಿರುವ ಸೂಚನೆ ಇರಬಹುದು. ಅಂಥ ಮಗುವಿಗೆ ಪಿತ್ತ ಹರಿಯಲು ದಾರಿ ಮಾಡುವ ಕಸಾಯ್ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಹೆಚ್ಚು. ಅಲ್ಲಿ ವಾರ ಅಂದರೆ ಸಣ್ಣ ಮಾತಲ್ಲ. ಇಂಥ ಪ್ರಶ್ನೆಗೆ ದೊಡ್ಡ ಪ್ರಾಧ್ಯಾಪಕರೂ ನಿಂತು ಉತ್ತರ ಕೊಡುತ್ತಾರೆ.

ಚೀಟಿ ಕೈಯಲ್ಲಿದ್ದರೆ ಯಾವ ಹಾಲ್‌ಗೆ ಹೋಗಬೇಕು ಅನ್ನುವುದು ತಾನಾಗಿ ತೀರ್ಮಾನವಾಗುತ್ತದೆ. ಒಂದೇ ಹೊತ್ತಿಗೆ ಮೂರು ನಾಲ್ಕು ಕಡೆ ಉಪನ್ಯಾಸ ಇರುತ್ತವೆ. ದೊಡ್ಡ ಹೆಸರಿನ ಹಿಂದೆ ಓಡಬೇಡಿ. ಸಮ್ಮೇಳನದ ಹಿಂದಿನ ದಿನದ ವರ್ಕ್‌ಶಾಪ್‌ಗೆ ಬೇರೆ ಶುಲ್ಕ ಇರುತ್ತದೆ, ಸೀಟೂ ಕಡಿಮೆ. ಆದರೂ ಮೊದಲೇ ಹೆಸರು ಕೊಡಿ. ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಮೇಲೆ ಉಸಿರಾಟದ ಟ್ಯೂಬ್ ಹಾಕಿ ಕಲಿತದ್ದು ಕೈಯಲ್ಲಿ ಉಳಿಯುತ್ತದೆ, ಸ್ಲೈಡ್ ಉಳಿಯುವುದಿಲ್ಲ.

ಕೇಸುಗಳ ವಿವರ ಬರೆದು ಹಾಕಿದ ಪೋಸ್ಟರ್‌ಗಳ ಕಡೆ ಯಾರೂ ಸುಳಿಯುವುದಿಲ್ಲ. ಪಾಪ, ಪಿಜಿ (ಸ್ನಾತಕೋತ್ತರ) ಓದುವ ಹುಡುಗರು ಒಬ್ಬರೇ ನಿಂತಿರುತ್ತಾರೆ. ಆ ಕೇಸನ್ನು ರಾತ್ರಿಯೆಲ್ಲ ನೋಡಿಕೊಂಡವರು ಅವರೇ, ಕೇಳಿದರೆ ಎಲ್ಲ ಹೇಳುತ್ತಾರೆ. ಕಂಪನಿಗಳ ಸ್ಟಾಲ್‌ಗಳಿಗೆ ಅರ್ಧ ಗಂಟೆ ಸಾಕು.

ಊಟದ ಸಾಲಿನಲ್ಲಿ ಹಳೇ ಬ್ಯಾಚಿನವರ ಜೊತೆ ಹರಟೆ ಇದ್ದದ್ದೇ. ನಡುವೆ ಒಬ್ಬ ಮಕ್ಕಳ ಸರ್ಜನ್‌ರನ್ನು ಹುಡುಕಿ ಮಾತಾಡಿಸಿ. ತುರ್ತಾಗಿ ಮಗು ಕಳಿಸುವಾಗ ಅವರ ಆಸ್ಪತ್ರೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ, ನಂಬರ್ ಬರೆದುಕೊಳ್ಳಿ. ಭಾನುವಾರ ರಾತ್ರಿ ರೆಫರ್ ಮಾಡುವಾಗ ಬೇಕಾಗುವುದು ಅದೇ.