ಸಿಎಜಿ ವರದಿಯ ಕೋಟಿಗಳು ಯಾರ ಜೇಬಿಗೆ ಹೋದವು?

ಓದುಗರ ಪ್ರಶ್ನೆ: ‘ಸರ್, ಸಿಎಜಿ ವರದಿ ಬಂದಾಗಲೆಲ್ಲ ಇಷ್ಟು ಕೋಟಿ ನಷ್ಟ, ಅಷ್ಟು ಕೋಟಿ ಅಕ್ರಮ ಅಂತ ಪೇಪರಿನಲ್ಲಿ ಓದುತ್ತೇವೆ. ಸಂಸತ್ತಿನ ಸಮಿತಿ ಅಧಿಕಾರಿಗಳನ್ನು ಕರೆದು ಕೂರಿಸಿಕೊಂಡು ಪ್ರಶ್ನೆಯನ್ನೂ ಕೇಳುತ್ತದೆ. ಆದರೆ ತಿಂದವರು ಯಾರೂ ಜೈಲಿಗೆ ಹೋಗಲ್ಲ. ಇದೆಲ್ಲ ಸುಮ್ನೆ ನಾಟಕವಾ?’

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್‌ಗೆ ಓದುವ ಹುಡುಗರು ಕ್ಲಾಸಿನಲ್ಲಿ ಕೇಳುತ್ತಾರೆ. ಹೊರಗೆ ಚಹಾ ಕುಡಿಯಲು ನಿಂತರೆ ಪಕ್ಕದವರು, ‘ಸರ್ರ, ಅಷ್ಟು ಕೋಟಿ ನುಂಗ್ಯಾರಂತ, ಒಬ್ಬರರೆ ಒಳಗ ಹೋದ್ರೇನ್ರಿ?’ ಅಂತ ಶುರು ಮಾಡುತ್ತಾರೆ. ಅದಕ್ಕೇ ಈ ಸಲ ಬರೆದೇ ಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ಚಿಕ್ಕ ಉತ್ತರ ಇಷ್ಟು. ಸಿಎಜಿ ಅಂದರೆ ಸರ್ಕಾರದ ಖರ್ಚನ್ನು ತಪಾಸಣೆ ಮಾಡುವ ಮಹಾಲೇಖಪಾಲರು. ಅವರು ಲೆಕ್ಕ ನೋಡುತ್ತಾರೆ, ತಪ್ಪು ಬರೆಯುತ್ತಾರೆ. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಆ ತಪ್ಪಿಗೆ ಇಲಾಖೆಯಿಂದ ಉತ್ತರ ಕೇಳುತ್ತದೆ. ಜೈಲಿಗೆ ಹಾಕುವ ಅಧಿಕಾರ ಇಬ್ಬರಿಗೂ ಇಲ್ಲ. ಲ್ಯಾಬಿನವರು ರಕ್ತದ ರಿಪೋರ್ಟ್ ಕೊಟ್ಟರೆ, ಆಪರೇಷನ್ ಯಾಕೆ ಮಾಡಲಿಲ್ಲ ಅಂತ ಅವರ ಮೇಲೆ ಯಾರೂ ಸಿಟ್ಟಾಗಲ್ಲ, ಅಲ್ವಾ?

ಆದರೆ ಪ್ರಶ್ನೆಯ ನಿಜವಾದ ಗಂಟು ಬೇರೆ ಕಡೆ ಇದೆ. ‘ತಿಂದವರು’ ಅಂತ ಕೇಳುವವರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ವರದಿಯಲ್ಲಿ ಕಂಡ ಮೊತ್ತವೆಲ್ಲ ಯಾರೋ ಕದ್ದ ದುಡ್ಡು ಅನ್ನುವ ನಂಬಿಕೆ ಅದು. ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ. ಓದಿಕೊಂಡವರಲ್ಲೇ ಜಾಸ್ತಿ.

ಒಂದು ಉದಾಹರಣೆ ಮಾಡಿಕೊಳ್ಳೋಣ. ನಮ್ಮ ಕಡೆಯ ಯಾವುದೋ ತಾಲ್ಲೂಕಿನಲ್ಲಿ ಎರಡು ಕೋಟಿ ಖರ್ಚು ಮಾಡಿ ಹಾಸ್ಟೆಲ್ ಕಟ್ಟಿದರು ಅಂತಿಟ್ಟುಕೊಳ್ಳಿ. ಗೋಡೆ ಗಟ್ಟಿಯಾಗಿದೆ, ಗುತ್ತಿಗೆದಾರರ ಬಿಲ್ಲೂ ಸರಿ ಇದೆ, ಸಿಮೆಂಟು ಕಳುವಾಗಿಲ್ಲ. ಆದರೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕೂಡಿಸಿಲ್ಲ, ಕರೆಂಟ್ ಇಲ್ಲ. ಬೋರ್ ಕೊರೆಸಿದ ಜಾಗದಲ್ಲಿ ನೀರು ಬಿದ್ದಿಲ್ಲ. ಮೂರು ವರ್ಷ ಕಟ್ಟಡ ಬಾಗಿಲು ಹಾಕಿಕೊಂಡೇ ನಿಂತಿದೆ, ಹುಡುಗರು ಬಾಡಿಗೆ ಕಟ್ಟಡದಲ್ಲೇ ಇದ್ದಾರೆ. ಆಡಿಟ್ ಪಾರ್ಟಿ ಬರುತ್ತದೆ. ಕಡತ ನೋಡುತ್ತದೆ, ಮೆಮೊ ಕೊಡುತ್ತದೆ. ಕಚೇರಿಯವರು ‘ವಿದ್ಯುತ್ ಸಂಪರ್ಕಕ್ಕೆ ಪತ್ರ ಬರೆಯಲಾಗಿದೆ’ ಅಂತ ಉತ್ತರ ಬರೆಯುತ್ತಾರೆ. ಆ ಉತ್ತರ ಯಾರಿಗೂ ಸಮಾಧಾನ ತರಲ್ಲ. ಕೊನೆಗೆ ಪ್ಯಾರಾ ಬೀಳುತ್ತದೆ, ಅಂದರೆ ವರದಿಯಲ್ಲಿ ಆಕ್ಷೇಪ ದಾಖಲಾಗುತ್ತದೆ: ಎರಡು ಕೋಟಿ ನಿಷ್ಫಲ ವೆಚ್ಚ. ಮೂರು ವರ್ಷ ಕಟ್ಟಿದ ಬಾಡಿಗೆಯ ಮೇಲೆ ಇನ್ನೊಂದು: ತಪ್ಪಿಸಬಹುದಾಗಿದ್ದ ವೆಚ್ಚ.

ಈಗ ಹೇಳಿ, ಆ ಎರಡು ಕೋಟಿ ತಿಂದವರು ಯಾರು? ಯಾರೂ ಅಲ್ಲ. ಕಟ್ಟಡ ಅಲ್ಲೇ ಇದೆ, ಹೋಗಿ ಮುಟ್ಟಿ ನೋಡಬಹುದು. ತಪ್ಪು ಆಗಿದೆಯಾ? ಖಂಡಿತ ಆಗಿದೆ. ನೀರು ನೋಡದೆ ಜಾಗ ಆರಿಸಿದವರು, ಕರೆಂಟಿಗೆ ದುಡ್ಡು ಕಟ್ಟದೆ ಮರೆತವರು, ವರ್ಗಾವಣೆಯಾಗಿ ಹೋಗುವಾಗ ಬಂದವರಿಗೆ ವಿಷಯ ಹೇಳದವರು, ಎಲ್ಲರದ್ದೂ ಅದರಲ್ಲಿ ಪಾಲಿದೆ. ಇದಕ್ಕೆ ಇಲಾಖಾ ವಿಚಾರಣೆ ಮಾಡಬಹುದು, ವೇತನ ಬಡ್ತಿ ತಡೆಯಬಹುದು, ನಷ್ಟವನ್ನು ಸಂಬಳದಿಂದ ಮುರಿದುಕೊಳ್ಳಬಹುದು. ಕಳ್ಳತನದ ಕೇಸು ಹಾಕಲು ಬರುವುದಿಲ್ಲ. ಪೇಪರಿನಲ್ಲಿ ಮಾತ್ರ ‘ಹಾಸ್ಟೆಲ್: ಎರಡು ಕೋಟಿ ಗುಳುಂ’ ಅಂತ ಬಂದಿರುತ್ತದೆ.

ಇನ್ನೂ ವಿಚಿತ್ರ ಕೇಳಿ. ದುಡ್ಡು ಖರ್ಚು ಮಾಡದೆ ಉಳಿಸಿದರೂ ಸಿಎಜಿ ಬರೆಯುತ್ತಾರೆ. ಸದನ ನೂರು ರೂಪಾಯಿ ಮಂಜೂರು ಮಾಡಿದೆ, ಇಲಾಖೆ ಅರವತ್ತು ಬಳಸಿದೆ ಅಂದರೆ ಉಳಿದ ನಲವತ್ತಕ್ಕೂ ವಿವರಣೆ ಕೊಡಬೇಕು. ಕೆಲಸಕ್ಕೆ ಬೇಡವಾಗಿದ್ದರೆ ಯಾಕೆ ಕೇಳಿದಿರಿ? ಬೇಕಾಗಿದ್ದರೆ ಯಾಕೆ ಮಾಡಲಿಲ್ಲ? ಮಂಜೂರಾದದ್ದಕ್ಕಿಂತ ಒಂದು ರೂಪಾಯಿ ಜಾಸ್ತಿ ಖರ್ಚಾದರೆ ಮಾತು ಇನ್ನೂ ಗಂಭೀರ. ಸಂವಿಧಾನದ 115ನೇ ವಿಧಿಯ ಪ್ರಕಾರ ಆ ಹೆಚ್ಚುವರಿ ಖರ್ಚನ್ನು ಮತ್ತೆ ಲೋಕಸಭೆಯ ಮುಂದೆ ತಂದು ಒಪ್ಪಿಗೆ ಪಡೆಯಬೇಕು. ರಾಜ್ಯಗಳಿಗೆ ಇದೇ ಮಾತು 205ನೇ ವಿಧಿಯಲ್ಲಿದೆ. ಕಳ್ಳರನ್ನು ಹಿಡಿಯುವುದಕ್ಕಿಂತ ಮುಂಚೆ ಇಡೀ ಏರ್ಪಾಡು ಕೇಳುವ ಪ್ರಶ್ನೆ ಒಂದೇ: ಸದನ ಯಾವುದಕ್ಕೆ ದುಡ್ಡು ಕೊಟ್ಟಿತೋ ಅದಕ್ಕೇ, ಅಷ್ಟೇ ಖರ್ಚಾಗಿದೆಯಾ?

‘ಹಾಗಾದರೆ 2ಜಿ?’ ಅಂತ ಹಿಂದಿನ ಬೆಂಚಿನಿಂದ ದನಿ ಬಂದೇ ಬರುತ್ತದೆ. ಬರಲಿ, ಅದಕ್ಕೂ ಉತ್ತರ ಇದೆ. ಮೊಬೈಲ್ ಕಂಪನಿಗಳಿಗೆ ಹರಾಜಿಲ್ಲದೆ 2ಜಿ ತರಂಗಾಂತರದ ಲೈಸೆನ್ಸ್ ಹಂಚಿದ್ದರ ಮೇಲೆ ಸಿಎಜಿ ಬರೆದ ವರದಿ ಅದು. 2010ರ ನವೆಂಬರಿನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಆ ವರದಿಯಲ್ಲಿ 1.76 ಲಕ್ಷ ಕೋಟಿ ಅನ್ನುವ ಸಂಖ್ಯೆ ಇತ್ತು. ನಮ್ಮವರಿಗೆಲ್ಲ ಅದೊಂದೇ ನೆನಪು. ಆದರೆ ಅದೇ ವರದಿಯಲ್ಲಿ ಬೇರೆ ಅಂದಾಜುಗಳೂ ಇದ್ದವು. 3ಜಿ ಹರಾಜಿನ ದರ ಹಿಡಿದರೆ 1.76 ಲಕ್ಷ ಕೋಟಿ. ಒಂದು ಕಂಪನಿ ತಾನೇ ಮುಂದೆ ಬಂದು ಹೇಳಿದ್ದ ದರ ಹಿಡಿದರೆ 67,364 ಕೋಟಿ. ಹೊಸ ಲೈಸೆನ್ಸ್ ಪಡೆದವರು ಷೇರು ಮಾರಿದ ಬೆಲೆಯಿಂದ ಲೆಕ್ಕ ಹಾಕಿದರೆ 57,666 ಕೋಟಿಯ ಹತ್ತಿರವೂ ಬರುತ್ತಿತ್ತು. ಹರಾಜು ಹಾಕಿದ್ದರೆ ಸರ್ಕಾರಕ್ಕೆ ಎಷ್ಟು ಬರಬಹುದಿತ್ತು ಅನ್ನುವ ಊಹೆಯ ನಷ್ಟ ಇದು. ಖಜಾನೆಯಿಂದ ಹೊರಗೆ ಹೋದ ದುಡ್ಡಲ್ಲ. ಬರಬೇಕಾಗಿದ್ದು ಬರಲಿಲ್ಲ ಅನ್ನುವ ಲೆಕ್ಕ.

ಹಾಗಂತ ಅಲ್ಲಿ ಎಲ್ಲ ಸರಿ ಇತ್ತು ಅಂತ ನಾನು ಹೇಳುತ್ತಿಲ್ಲ. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್‌ಗಳನ್ನು ರದ್ದು ಮಾಡಿತು, ಹಂಚಿದ ರೀತಿಯೇ ತಪ್ಪು ಎಂದಿತು. 2017ರ ಡಿಸೆಂಬರಿನಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು, ಲಂಚದ ಆರೋಪ ಸಾಬೀತಾಗಿಲ್ಲ ಎಂದಿತು. ಆ ತೀರ್ಪಿನ ಮೇಲೆ ಸಿಬಿಐ ಹಾಕಿದ ಮೇಲ್ಮನವಿಯನ್ನು 2024ರಲ್ಲಿ ದೆಹಲಿ ಹೈಕೋರ್ಟ್ ವಿಚಾರಣೆಗೆ ತೆಗೆದುಕೊಂಡಿತು. ಹಂಚಿಕೆ ತಪ್ಪು ಅನ್ನುವುದು ಒಂದು ಮಾತು, ಇಂಥವರು ಇಷ್ಟು ಲಂಚ ತಿಂದರು ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಬೇರೆ ಥರದ ಸಾಕ್ಷಿ ಬೇಕು. ಇವೆರಡನ್ನೂ ಕಲಸಿದವರಿಗೆ ನಾನು ಪರೀಕ್ಷೆಯಲ್ಲಿ ಅರ್ಧ ಅಂಕವನ್ನೂ ಕೊಡುವುದಿಲ್ಲ.

ನಿಜವಾಗಿ ಕದ್ದದ್ದು ಲೆಕ್ಕದಲ್ಲಿ ಸಿಕ್ಕಿಬೀಳುವುದೂ ಉಂಟು. ಬಿಹಾರದ ಮೇವು ಹಗರಣ ನೋಡಿ. ಪಶುಸಂಗೋಪನೆ ಇಲಾಖೆ ಸದನ ಒಪ್ಪಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ದುಡ್ಡನ್ನು ಖಜಾನೆಗಳಿಂದ ಎತ್ತಿತ್ತು. ಬಿಲ್ಲಿನಲ್ಲಿ ಲಾರಿ ಅಂತ ಬರೆದ ನಂಬರನ್ನು ಸಾರಿಗೆ ಕಚೇರಿಯಲ್ಲಿ ತೆಗೆಸಿ ನೋಡಿದರೆ ಅದು ಸ್ಕೂಟರಿನದ್ದು! ಅಲ್ಲಿ ಜನ ಜೈಲಿಗೆ ಹೋದರು, ಮಾಜಿ ಮುಖ್ಯಮಂತ್ರಿಗೂ ಶಿಕ್ಷೆಯಾಯಿತು. ಆದರೆ 1996ರಲ್ಲಿ ಜಿಲ್ಲಾಡಳಿತ ಕಚೇರಿಗಳಿಗೆ ನುಗ್ಗಿ ಕಾಗದ ಹಿಡಿಯಿತು, ಆಮೇಲೆ ಹೈಕೋರ್ಟ್ ಹೇಳಿ ಸಿಬಿಐ ತನಿಖೆ ಮಾಡಿತು, ಶಿಕ್ಷೆ ಕೊಟ್ಟದ್ದು ಕೋರ್ಟು. ಸಂಸತ್ತಿನ ಸಮಿತಿಯಾಗಲಿ ವಿಧಾನಸಭೆಯ ಸಮಿತಿಯಾಗಲಿ ಅಲ್ಲ.

ಸರಿ, ಸಮಿತಿ ಏನು ಮಾಡುತ್ತದೆ? ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾವ ಗೈಡಿನಲ್ಲೂ ಸಿಗುತ್ತದೆ. 1921ರಿಂದ ಇರುವ ಸಮಿತಿ. ಈಗ 22 ಜನ, ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. ಅವಧಿ ಒಂದು ವರ್ಷ. ಮಂತ್ರಿಯಾದವರು ಸದಸ್ಯರಾಗುವಂತಿಲ್ಲ. 1967ರಿಂದ ಅಧ್ಯಕ್ಷಗಿರಿ ವಿರೋಧ ಪಕ್ಷದವರಿಗೆ ಕೊಡುವ ಸಂಪ್ರದಾಯ ಇದೆ, ಮೊದಲು ಕೂತವರು ಮಿನೂ ಮಸಾನಿ. ಸಭೆ ಬಾಗಿಲು ಹಾಕಿಕೊಂಡು ನಡೆಯುತ್ತದೆ, ಟಿ.ವಿ.ಯವರಿಗೆ ಪ್ರವೇಶ ಇಲ್ಲ. ಸಾವಿರಾರು ಪುಟದ ಆಡಿಟ್ ವರದಿಗಳಲ್ಲಿ ಸಮಿತಿ ಕೆಲವೇ ವಿಷಯ ಆರಿಸಿಕೊಳ್ಳುತ್ತದೆ. ಉಳಿದ ಪ್ಯಾರಾಗಳ ಮೇಲೂ ಏನು ಕ್ರಮ ತೆಗೆದುಕೊಂಡಿರಿ ಅಂತ ಇಲಾಖೆಗಳು ವರದಿ ಮಂಡನೆಯಾದ ನಾಲ್ಕು ತಿಂಗಳಲ್ಲಿ ಬರೆದು ಕೊಡಬೇಕು. ಕೊಡುತ್ತಾರಾ? ತಡವಾಗಿ.

ಆ ತಡವೇ ಈ ಏರ್ಪಾಡಿನ ದೊಡ್ಡ ದೌರ್ಬಲ್ಯ. ಖರ್ಚಾಗಿ ವರ್ಷಗಳಾದ ಮೇಲೆ ಆಡಿಟ್, ಅದಾದ ಮೇಲೆ ವರದಿ, ಅದಾದ ಮೇಲೆ ಸಮಿತಿ. ಅಷ್ಟರಲ್ಲಿ ಸಹಿ ಹಾಕಿದವರು ನಿವೃತ್ತರಾಗಿ ಊರಲ್ಲಿ ಹೊಲ ನೋಡಿಕೊಂಡಿರುತ್ತಾರೆ. ಪಕ್ಷ ರಾಜಕೀಯವೂ ಒಳಗೆ ನುಗ್ಗುತ್ತದೆ. 2011ರ ಏಪ್ರಿಲ್‌ನಲ್ಲಿ ಮುರಳಿ ಮನೋಹರ ಜೋಶಿ ಅಧ್ಯಕ್ಷರಾಗಿದ್ದಾಗ 2ಜಿ ಕರಡು ವರದಿಯನ್ನು ಸಮಿತಿಯೊಳಗೇ ಬಹುಮತದ ಸದಸ್ಯರು ತಳ್ಳಿಹಾಕಿದರು. ಒಮ್ಮತದಿಂದ ವರದಿ ಕೊಡುವ ಪರಂಪರೆ ಇದ್ದ ಸಮಿತಿ ಅದು. ನಾಟಕ ಅಂತ ಬೈಯಲೇಬೇಕು ಅನ್ನುವವರು ಈ ತಡವನ್ನೂ ಈ ಜಗಳವನ್ನೂ ಹಿಡಿದು ಬೈಯಿರಿ, ನಾನೂ ದನಿಗೂಡಿಸುತ್ತೇನೆ. ಜೈಲಿಗೆ ಹಾಕಲಿಲ್ಲ ಅಂತ ಬೈದರೆ ಮಾತ್ರ ತಪ್ಪು ಬಾಗಿಲು ಬಡಿದ ಹಾಗೆ.

ಬಾಗಿಲಿನ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಎಲ್ಲ ದುಡ್ಡಿಗೂ ಸಂಸತ್ತು ಲೆಕ್ಕ ಕೇಳುವುದಿಲ್ಲ. ಹುಬ್ಬಳ್ಳಿಯ ಗದಗ ರಸ್ತೆಯಲ್ಲಿರುವ ರೈಲ್ ಸೌಧ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ. ಅದರ ಖರ್ಚು ಕೇಂದ್ರದ್ದು. 2023ರಲ್ಲಿ ಉದ್ಘಾಟನೆಯಾದ ಸಿದ್ಧಾರೂಢ ಸ್ವಾಮಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರಂ ಆಗಲಿ, 1990ರ ದಶಕದಲ್ಲಿ ಮಂಜೂರಾಗಿ ಕಾಡಿನ ತಕರಾರಿನಲ್ಲಿ ಸಿಕ್ಕಿಬಿದ್ದ ಹುಬ್ಬಳ್ಳಿ-ಅಂಕೋಲಾ ಮಾರ್ಗ ಆಗಲಿ, ಕೇಳಬೇಕಾದವರು ದಿಲ್ಲಿಯಲ್ಲಿದ್ದಾರೆ. ರಾಜ್ಯದ ಇಲಾಖೆಗಳ ಮೇಲಿನ ವರದಿ ರಾಜ್ಯಪಾಲರ ಮೂಲಕ ವಿಧಾನಮಂಡಲಕ್ಕೆ ಹೋಗುತ್ತದೆ, ಅಲ್ಲಿ ಬೇರೆಯೇ ಲೆಕ್ಕಪತ್ರ ಸಮಿತಿ ಇದೆ. ಪಾಲಿಕೆಯ ಗಟಾರದ ಬಿಲ್ಲಿಗೆ ಸಂಸದರನ್ನು ಹಿಡಿದು ಕೇಳಿದರೆ ಅವರು ನಕ್ಕು ಮುಂದೆ ಹೋಗುತ್ತಾರೆ.

ರಾಜ್ಯದ ಸಮಿತಿಯನ್ನು ನಮ್ಮ ಕಡೆಯವರು ಮರೆಯುವಂತೆಯೂ ಇಲ್ಲ. 2020ರಲ್ಲಿ ಗದಗದ ಶಾಸಕ ಎಚ್.ಕೆ. ಪಾಟೀಲರು ಅದರ ಅಧ್ಯಕ್ಷರಾಗಿದ್ದರು. ಕೋವಿಡ್ ಕಾಲದ ವೈದ್ಯಕೀಯ ಸಲಕರಣೆ ಖರೀದಿಯ ಮೇಲೆ ಸಮಿತಿ ಕಣ್ಣಿಟ್ಟಿತ್ತು. ಸ್ಥಳಕ್ಕೇ ಹೋಗಿ ನೋಡುತ್ತೇವೆ ಅಂದಾಗ ವಿಧಾನಸಭಾಧ್ಯಕ್ಷರು ಸಮಿತಿಗಳ ಭೇಟಿಗಳಿಗೆ ತಡೆ ಹಾಕಿದರು. ಪಾಟೀಲರು ಬಹಿರಂಗವಾಗಿಯೇ ಆಕ್ಷೇಪ ಎತ್ತಿದರು. ಕೆಲಸಕ್ಕೆ ಬಾರದ ಸಮಿತಿಯಾಗಿದ್ದರೆ ಅದು ಎಲ್ಲಿಗೆ ಹೋಗಬೇಕು, ಹೋಗಬಾರದು ಅನ್ನುವುದಕ್ಕೆ ಇಷ್ಟು ಗದ್ದಲ ಯಾಕಾಗುತ್ತಿತ್ತು?

ಇಲ್ಲಿ ಒಂದು ಪ್ರಶ್ನೆ ಯಾರೂ ಕೇಳುವುದಿಲ್ಲ, ನನಗೆ ಅದರ ಮೇಲೇ ಜಾಸ್ತಿ ಆಸಕ್ತಿ. ಸಮಿತಿಯ ಮುಂದೆ ಮಂತ್ರಿ ಯಾಕೆ ಬರಲ್ಲ? ಕಾರ್ಯದರ್ಶಿ ಯಾಕೆ ಬರುತ್ತಾರೆ?

ಯಾಕೆಂದರೆ ಲೆಕ್ಕದ ಹೊಣೆ ಕಾರ್ಯದರ್ಶಿಯದ್ದು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, 2017 ನೋಡಿ. ಅದರ 70ನೇ ನಿಯಮದಂತೆ ಮಂತ್ರಾಲಯದ ಕಾರ್ಯದರ್ಶಿಯೇ ಅಲ್ಲಿನ ಮುಖ್ಯ ಲೆಕ್ಕಾಧಿಕಾರಿ, ಲೆಕ್ಕಪತ್ರ ಸಮಿತಿಯ ಮುಂದೆ ಹಾಜರಾಗಿ ಉತ್ತರ ಕೊಡಬೇಕಾದವರು. ಮಂತ್ರಿ ಸದನದಲ್ಲಿ ಉತ್ತರ ಕೊಡುತ್ತಾರೆ. ನೀತಿ ಯಾಕೆ ಹೀಗೆ ಅನ್ನುವುದು ಮಂತ್ರಿಗೆ, ದುಡ್ಡು ಹೇಗೆ ಹೋಯಿತು ಅನ್ನುವುದು ಕಾರ್ಯದರ್ಶಿಗೆ. ಕಾಗದದ ಮೇಲೆ ಚೆಂದದ ಹಂಚಿಕೆ.

ಆದರೆ ಮಂತ್ರಿಗಳು ಫೋನಿನಲ್ಲೇ ‘ಮಾಡ್ರಿ, ನಾನದೀನಿ’ ಅಂದರೆ? ಆಮೇಲೆ ಪ್ಯಾರಾ ಬಿದ್ದಾಗ ಸಹಿ ಇರುವುದು ಅಧಿಕಾರಿಯದ್ದು, ಫೋನಿನ ಮಾತು ಕಡತದಲ್ಲಿ ಎಲ್ಲೂ ಇಲ್ಲ. ಬ್ರಿಟನ್ನಿನಲ್ಲಿ ಇದಕ್ಕೊಂದು ದಾರಿ ಇದೆ. ಈ ಖರ್ಚು ಸರಿಯಲ್ಲ ಅನ್ನಿಸಿದರೆ ಇಲಾಖೆಯ ಮುಖ್ಯಸ್ಥರು ಮಂತ್ರಿಯಿಂದ ಲಿಖಿತ ನಿರ್ದೇಶನ ಕೇಳುತ್ತಾರೆ. ಮಂತ್ರಿ ಬರೆದುಕೊಟ್ಟರೆ ಖರ್ಚು ನಡೆಯುತ್ತದೆ, ಆ ಕಾಗದ ಅಲ್ಲಿನ ಮಹಾಲೇಖಪಾಲರಿಗೆ ಹೋಗುತ್ತದೆ, ಹೊಣೆ ಮಂತ್ರಿಗೆ ಸೇರುತ್ತದೆ. 1861ರಲ್ಲಿ ಗ್ಲಾಡ್‌ಸ್ಟನ್ ಕಾಲದಲ್ಲಿ ಅಲ್ಲಿ ಲೆಕ್ಕಪತ್ರ ಸಮಿತಿ ಶುರುವಾಯಿತು. ಸಮಿತಿಯನ್ನು ನಾವು ಅವರಿಂದ ತಂದೆವು, ಈ ಕಾಗದದ ಪದ್ಧತಿಯನ್ನು ಅಷ್ಟು ಗಟ್ಟಿಯಾಗಿ ತರಲಿಲ್ಲ.

ಹಾಗಂತ ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಐಎಎಸ್, ಐಪಿಎಸ್‌ನವರಿಗೆ ಅನ್ವಯಿಸುವ ಅಖಿಲ ಭಾರತ ಸೇವೆಗಳ ನಡತೆ ನಿಯಮಗಳು, 1968ರ 3ನೇ ನಿಯಮದಲ್ಲಿ ಇದೆ: ಮೇಲಿನವರ ಆದೇಶ ಸಾಮಾನ್ಯವಾಗಿ ಲಿಖಿತವಾಗಿರಬೇಕು. ಬಾಯಿಮಾತಿನ ಆದೇಶ ಅನಿವಾರ್ಯವಾದರೆ ಮೇಲಿನವರು ಕೂಡಲೇ ಬರೆದು ದೃಢಪಡಿಸಬೇಕು, ಕೆಳಗಿನವರು ಅದನ್ನು ಕೇಳಿ ಪಡೆಯಬೇಕು. ಕೇಳುವ ಧೈರ್ಯ ಯಾರಿಗಿದೆ ಅನ್ನುತ್ತೀರಾ? ಕೆಲವರು ಒಂದು ಉಪಾಯ ಮಾಡುತ್ತಾರೆ. ಫೋನ್ ಇಟ್ಟ ಕೂಡಲೇ ಕಡತದಲ್ಲಿ ‘ಮಾನ್ಯ ಸಚಿವರು ದೂರವಾಣಿಯಲ್ಲಿ ಸೂಚಿಸಿದಂತೆ’ ಅಂತ ಒಂದು ಸಾಲು, ಕೆಳಗೆ ತಾರೀಖು, ಸಮಯ. ಆಮೇಲೆ ದೃಢೀಕರಣಕ್ಕಾಗಿ ಅದೇ ಕಡತ ಸಚಿವರಿಗೆ ರವಾನೆ. ನಾಳೆ ಕೆಎಎಸ್ ಪಾಸಾಗಿ ಕುರ್ಚಿ ಮೇಲೆ ಕೂರುವ ಹುಡುಗರು ಉಳಿದದ್ದೆಲ್ಲ ಮರೆತರೂ ಆ ಸಾಲು ಬರೆಯುವುದನ್ನು ರೂಢಿ ಮಾಡಿಕೊಳ್ಳಿ.

ಪ್ರಶ್ನೆ ಕಳಿಸುವವರಲ್ಲಿ ಒಂದು ವಿನಂತಿ. ಸಿಎಜಿ ವರದಿಗಳೆಲ್ಲ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮನ್ನು ಕೆರಳಿಸಿದ ಪ್ಯಾರಾ ತೆಗೆದು ಕೊನೆಯ ಕೆಲವು ಸಾಲು ಓದಿ. ಇಲಾಖೆ ಏನು ಉತ್ತರ ಕೊಟ್ಟಿತು, ಆಡಿಟ್‌ನವರು ಅದನ್ನು ಯಾಕೆ ಒಪ್ಪಲಿಲ್ಲ ಅನ್ನುವುದು ಅಲ್ಲೇ ಇರುತ್ತದೆ. ಉತ್ತರವೇ ಬಂದಿಲ್ಲ ಅಂತಿದ್ದರೆ ಅದನ್ನೂ ಬರೆದಿರುತ್ತಾರೆ. ಅಷ್ಟು ಓದಿಯೂ ಪ್ರಶ್ನೆ ಉಳಿದರೆ ಪ್ಯಾರಾ ನಂಬರ್ ಹಾಕಿ ಕಳಿಸಿ.