ಒಂದು ಅಂಕಿ ತಲೆಯಲ್ಲಿ ಕೂತರೆ

ಚರ್ಮದ ಮೇಲೆ ಒಂದು ಸಣ್ಣ ಕಪ್ಪು ಮಚ್ಚೆ. ಚೂರು ತೆಗೆದು ಬಯಾಪ್ಸಿ ಮಾಡಿದರೆ ಮೆಲನೋಮಾ, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್. ಸುತ್ತಲಿನ ಒಳ್ಳೆ ಚರ್ಮವನ್ನೂ ಎಷ್ಟು ಸೇರಿಸಿ ಕತ್ತರಿಸಬೇಕು? ದಶಕಗಳ ಕಾಲ ಸರ್ಜನ್‌ಗಳ ಬಾಯಲ್ಲಿ ಒಂದೇ ಉತ್ತರವಿತ್ತು: 5 ಸೆಂಟಿಮೀಟರ್. ಅದೂ ಎಲ್ಲ ಕಡೆಗೂ! ಅಂಗೈಗಿಂತ ಅಗಲದ ಗಾಯ, ಮುಚ್ಚೋದಕ್ಕೆ ತೊಡೆಯಿಂದ ಚರ್ಮ ತಂದು ಕಸಿ.

ಇದರ ಬೇರು 1907ರಲ್ಲಿದೆ. ಲಂಡನ್ನಿನ ಸರ್ಜನ್ ವಿಲಿಯಂ ಸ್ಯಾಂಪ್ಸನ್ ಹ್ಯಾಂಡ್ಲಿ ಮೆಲನೋಮಾ ಹರಡಿದ್ದ ಒಬ್ಬ ರೋಗಿಯ ಶವಪರೀಕ್ಷೆಯ ಆಧಾರದ ಮೇಲೆ ಅಗಲವಾಗಿ ಕತ್ತರಿಸಿ ಎಂದರು. ಒಂದೇ ಒಂದು ದೇಹ. ತಮಾಷೆ ಅಂದರೆ, ಚರ್ಮದಲ್ಲಿ ಅವರು ಹೇಳಿದ್ದು ಸುಮಾರು ಒಂದು ಇಂಚು, ಒಳಗಿನ ಪದರದಲ್ಲಿ ಎರಡು, ಅಂದರೆ ಸುಮಾರು 5 ಸೆಂ.ಮೀ. ಆಮೇಲಿನವರು ದೊಡ್ಡದನ್ನೇ ನೆನಪಿಟ್ಟುಕೊಂಡರು.

1974ರಲ್ಲಿ ಮನೋವಿಜ್ಞಾನಿಗಳಾದ ಟ್ವೆರ್ಸ್ಕಿ ಮತ್ತು ಕಾನೆಮನ್ ಇಂಥ ಎಡವಟ್ಟುಗಳ ಬಗ್ಗೆ ಬರೆದರು. ಸುಮ್ನೆ ಚಕ್ರ ತಿರುಗಿಸಿ ಬಂದ ಅಂಕಿ ಕೂಡ ಜನರ ಅಂದಾಜನ್ನು ತನ್ನ ಕಡೆ ಎಳೆಯುತ್ತೆ, ಆ ಅಂಕಿಗೂ ಕೇಳಿದ ಪ್ರಶ್ನೆಗೂ ಸಂಬಂಧವೇ ಇಲ್ಲದಿದ್ದರೂ. ಹ್ಯಾಂಡ್ಲಿ ಹೆಸರಿನ 5 ಕೂಡ ಹಾಗೇ ಜಗ್ಗಿತು ಅಂತ ನನಗನ್ನಿಸುತ್ತೆ. ಗಡ್ಡೆ ಎಷ್ಟು ದಪ್ಪ ಇದೆ ಅನ್ನೋದು ಮುಖ್ಯ ಅಂತ ರೋಗಶಾಸ್ತ್ರಜ್ಞ ಬ್ರೆಸ್ಲೊ 1970ರಲ್ಲೇ ತೋರಿಸಿದ್ದರು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗದ ವರದಿ ಬಂತು: 2 ಮಿಲಿಮೀಟರ್‌ವರೆಗಿನ ದಪ್ಪದ ಮೆಲನೋಮಾದಲ್ಲಿ 1 ಸೆಂ.ಮೀ. ಬಿಟ್ಟು ಕತ್ತರಿಸಿದರೂ 3 ಬಿಟ್ಟು ಕತ್ತರಿಸಿದರೂ ರೋಗಿಗಳು ಬದುಕುಳಿಯೋದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಅಂಕಿ ಬದಲಾಯಿತು, ತಲೆ ಬದಲಾಗಲಿಲ್ಲ. ಹೋದ ವಾರ ಒಬ್ಬರಿಗೆ ಕ್ಯಾನ್ಸರ್ ಮರುಕಳಿಸಿದ್ದನ್ನು ಕಂಡ ಸರ್ಜನ್, ಇವತ್ತಿನ ರೋಗಿಗೆ ಗೊತ್ತಿಲ್ಲದೇ ಸ್ವಲ್ಪ ಜಾಸ್ತಿ ಕತ್ತರಿಸಬಹುದು. ಮೋಸ್ ಸರ್ಜರಿಯಲ್ಲಿ ಇನ್ನೊಂದು ತೊಡಕು. ಅಲ್ಲಿ ಚರ್ಮದ ಕ್ಯಾನ್ಸರನ್ನು ಪದರ ಪದರವಾಗಿ ತೆಗೆಯುತ್ತಾರೆ, ಕತ್ತರಿಸುವವರೇ ಮೈಕ್ರೋಸ್ಕೋಪಿನಲ್ಲೂ ನೋಡುತ್ತಾರೆ, ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಇನ್ನೊಂದು ಸುತ್ತು. ಅದೇ ಅದರ ಬಲ, ನಿಜ. ಆದರೆ ಮೂರನೇ ಸುತ್ತು, ಮೂಗಿನ ತುದಿ, ರೋಗಿಗೂ ಸುಸ್ತು. ಅಂಚು ಸ್ವಚ್ಛವಾಗಿರಲಿ ಅಂತ ಬಯಸುವ ಕಣ್ಣಿಗೆ ಅನುಮಾನದ ಕೋಶ ಕಾಣೋದು ಕಷ್ಟ, ಅಲ್ವಾ? ಅಂಥ ಕಡೆ ಇನ್ನೊಬ್ಬರಿಗೆ ಸ್ಲೈಡ್ ತೋರಿಸೋದು ಒಳ್ಳೇದು, ನಿಮಗೇನು ಅನ್ನಿಸಿತು ಅಂತ ಮೊದಲೇ ಹೇಳದೆ.

ಎಲ್ಲಕ್ಕಿಂತ ಸಾದಾ ತಪ್ಪು ಜಾಗದ್ದು. ಬಯಾಪ್ಸಿ ಗಾಯ ಕೆಲವೇ ವಾರಗಳಲ್ಲಿ ಮಾಯುತ್ತೆ. ರೋಗಿ "ಇಲ್ಲೇ ಡಾಕ್ಟ್ರೇ" ಅಂತ ಬೆರಳಿಡುತ್ತಾರೆ, ಅಲ್ಲೊಂದು ಹಳೇ ಕಲೆಯೂ ಇರುತ್ತೆ, ಡಾಕ್ಟರ್ ತಲೆಯಾಡಿಸುತ್ತಾರೆ. ಇಬ್ಬರಿಗೂ ಖಾತ್ರಿ, ಇಬ್ಬರದ್ದೂ ತಪ್ಪು. ಅದಕ್ಕೇ ಬಯಾಪ್ಸಿ ದಿನವೇ ಪೆನ್ನಲ್ಲಿ ಗುರುತು ಹಾಕಿ, ಕಿವಿಯೋ ಮೂಗೋ ಜೊತೆಗೆ ಕಾಣುವ ಹಾಗೆ ಫೋಟೋ ತೆಗೆದಿಡುತ್ತಾರೆ.